ಹತ್ತನೆಯ ಸಂಪುಟ

ರಾಬರ್ಟ್ ಜೋರ್ಡನ್ ಅವರ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ಹೊರಬಂದದ್ದು 2003ರ ಜನವರಿಯಲ್ಲಿ. ‘ದಿ ವ್ಹೀಲ್ ಆಫ್ ಟೈಮ್’ ಎಂಬ ವೀರಕಥಾ ಸರಣಿಯ ಹತ್ತನೆಯ ಸಂಪುಟ ಅದು. ಬಂದ ಕೂಡಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸರಣಿಯನ್ನು ಹಚ್ಚಿಕೊಂಡಿದ್ದವರು ಅತಿ ಹೆಚ್ಚು ನೊಂದುಕೊಂಡ ಪುಸ್ತಕವೂ ಅದೇ. ಆ ನೋವಿನಲ್ಲಿ ನನ್ನ ಪಾಲೂ ಇತ್ತು. ಓದಿ ಮುಗಿಸಿದಾಗ ಸಿಟ್ಟಿಗಿಂತ ಹೆಚ್ಚಾಗಿ ಗೊಂದಲವೇ ಆಗಿತ್ತು. ಅದೇ ಕೈ, ಅದೇ ಭಾಷೆ, ಅವೇ ಪಾತ್ರಗಳು; ಹಿಂದಿನ ಸಂಪುಟಗಳಲ್ಲಿ ನಿದ್ದೆಗೆಡಿಸಿ ಓದಿಸಿಕೊಂಡ ಕಥೆ ಇಲ್ಲಿ ಏಕೆ ಕಾಲು ಕಿತ್ತಿಡಲೇ ಇಲ್ಲ? ವರ್ಷ ಕಳೆದಂತೆ ಮಸುಕಾಗಬೇಕಿದ್ದ ಈ ಪ್ರಶ್ನೆ ಮಸುಕಾಗಲಿಲ್ಲ. ಸಾಧಾರಣ ಲೇಖಕರ ಸಾಧಾರಣ ಪುಸ್ತಕ ಯಾರನ್ನೂ ಇಷ್ಟು ಕಾಲ ಕಾಡುವುದಿಲ್ಲ. ಮತ್ತೆ ಮತ್ತೆ ಯೋಚಿಸಿದ ಮೇಲೆ ನನಗೆ ಅನಿಸಿರುವುದು ಇಷ್ಟು: ಯಾವ ಗುಣಕ್ಕಾಗಿ ನಾವು ಜೋರ್ಡನ್ ಅವರನ್ನು ಮೆಚ್ಚಿದ್ದೆವೋ ಆ ಗುಣವೇ ಹದ ಮೀರಿ ಹತ್ತನೆಯ ಸಂಪುಟವನ್ನು ಕಟ್ಟಿಹಾಕಿತು.

ಆ ಗುಣ ಯಾವುದೆಂದು ಹೇಳಲು ಅವರ ಬದುಕಿನ ಎರಡು ಸಂಗತಿಗಳನ್ನು ನೆನೆಯಬೇಕು. ಜೋರ್ಡನ್ ಎಂಬುದು ಕಾವ್ಯನಾಮ. ನಿಜವಾದ ಹೆಸರು ಜೇಮ್ಸ್ ಆಲಿವರ್ ರಿಗ್ನಿ. 1948ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದವರು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನ ಬಂದೂಕುಗಾರರಾಗಿದ್ದರು. ಅಲ್ಲಿಂದ ಮರಳಿ ಭೌತಶಾಸ್ತ್ರ ಓದಿ, ನೌಕಾಪಡೆಗಾಗಿ ಅಣು ಎಂಜಿನಿಯರಾಗಿ ದುಡಿದರು. ಬರವಣಿಗೆಗೆ ಬಂದ ಮೇಲೆ, ರಾಬರ್ಟ್ ಇ. ಹೋವರ್ಡ್ ಸೃಷ್ಟಿಸಿದ ಕೋನನ್ ಎಂಬ ವೀರನ ಕುರಿತು 1980ರ ದಶಕದ ಮೊದಲ ವರ್ಷಗಳಲ್ಲಿ ಏಳು ಕಾದಂಬರಿ ಬರೆದರು. ಕೋನನ್ ಕಥೆಗಳಲ್ಲಿ ಕತ್ತಿ ಹಿರಿದವನು ಹಸಿವು, ದಾರಿ, ಸುದ್ದಿ ಯಾವುದಕ್ಕೂ ಕಾಯುವುದಿಲ್ಲ. ವೇಗವನ್ನು ಜೋರ್ಡನ್ ಅಲ್ಲಿ ಕಲಿತರು. ಆದರೆ 1990ರಲ್ಲಿ ‘ದಿ ಐ ಆಫ್ ದಿ ವರ್ಲ್ಡ್’ ಮೂಲಕ ತಮ್ಮದೇ ಲೋಕ ಕಟ್ಟತೊಡಗಿದಾಗ ಅದಕ್ಕೆ ನಿಜವಾದ ಯುದ್ಧ ಕಂಡವರ ತಿಳಿವಳಿಕೆ ಸೇರಿತು. ಸೈನ್ಯಕ್ಕೆ ಮೊದಲು ಬೇಕಾದದ್ದು ಧಾನ್ಯ, ಆಮೇಲೆ ಕುದುರೆಗೆ ಮೇವು. ರಣದಲ್ಲಿ ನಿಂತವನಿಗೆ ಕಾಣುವುದು ತನ್ನ ಸುತ್ತಲಿನ ಹತ್ತು ಮಾರು ನೆಲ ಮಾತ್ರ. ಉಳಿದದ್ದೆಲ್ಲ ಸುದ್ದಿ, ಅದರಲ್ಲೂ ತಡವಾಗಿ, ತಿರುಚಿಕೊಂಡು ಬಂದ ಸುದ್ದಿ. ಲೋಕವನ್ನು ಉಳಿಸಲು ಹುಟ್ಟಿದವನಿಗೂ ಪಕ್ಕದ ರಾಜ್ಯದಲ್ಲಿ ಏನಾಗುತ್ತಿದೆ ಎಂಬುದು ಗೊತ್ತಿರುವುದಿಲ್ಲ. ಬೇರೆ ವೀರಕಥೆಗಳಲ್ಲಿ ದೂತನೊಬ್ಬ ಬಂದು ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತಾನೆ. ಜೋರ್ಡನ್ ಲೋಕದಲ್ಲಿ ದೂತರೂ ತಪ್ಪುತ್ತಾರೆ.

ಈ ಗುಣ ಸರಣಿಯ ಮೊದಲರ್ಧದಲ್ಲಿ ಎಂಥ ಕಥೆಗಳನ್ನು ಕೊಟ್ಟಿತು! ನಾಲ್ಕನೆಯ ಸಂಪುಟ ‘ದಿ ಷ್ಯಾಡೋ ರೈಸಿಂಗ್’ನಲ್ಲಿ ಕಮ್ಮಾರನ ಕೈಕೆಳಗೆ ಕೆಲಸ ಕಲಿತ ಹುಡುಗ ಪೆರಿನ್, ತನ್ನ ಊರಿನ ಸೀಮೆಗೆ ಬಿಳಿ ನಿಲುವಂಗಿಯ ಸೈನಿಕರು ನುಗ್ಗಿದ್ದಾರೆ ಎಂಬ ಹಾರುಸುದ್ದಿ ಕೇಳುತ್ತಾನೆ. ಅಷ್ಟನ್ನೇ ನಂಬಿ ಊರಿಗೆ ಮರಳುತ್ತಾನೆ. ಹೋಗಿ ನೋಡಿದರೆ ಮನೆಮಂದಿಯೆಲ್ಲ ಸತ್ತಿದ್ದಾರೆ. ಸುದ್ದಿ ಅರೆಬರೆ, ಅದನ್ನು ಕೇಳಿ ಮಾಡಿದ ತೀರ್ಮಾನ ಪೂರ್ತಿ, ತೆತ್ತ ಬೆಲೆ ಅದಕ್ಕಿಂತ ದೊಡ್ಡದು. ಐದನೆಯ ಸಂಪುಟದಲ್ಲಿ ನಾಯಕ ರ‍್ಯಾಂಡ್, ರಾಣಿ ಮಾರ್ಗೇಸ್ ಕೊಲೆಯಾದಳೆಂದು ನಂಬಿ, ಆ ಕೊಲೆಯ ಸೇಡು ತೀರಿಸಿಕೊಳ್ಳಲು ಶತ್ರುವಿನ ಮೇಲೆ ಏರಿಹೋಗುತ್ತಾನೆ. ರಾಣಿ ಬದುಕಿದ್ದಾಳೆ, ಅದು ಓದುಗರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಸುಳ್ಳು ಸುದ್ದಿಯಿಂದ ಹುಟ್ಟಿದ ಯುದ್ಧ ನಿಜವಾದ ಯುದ್ಧವೇ, ಅಲ್ಲಿ ಸತ್ತವರು ನಿಜವಾಗಿಯೇ ಸತ್ತರು. ನಾಲ್ಕನೆಯ ಸಂಪುಟದ ರುಯಿಡಿಯನ್ ಪ್ರಸಂಗವನ್ನಂತೂ ಆಧುನಿಕ ವೀರಕಥೆಯ ಅತ್ಯುತ್ತಮ ಪುಟಗಳಲ್ಲಿ ಸೇರಿಸುತ್ತೇನೆ. ಗಾಜಿನ ಕಂಬಗಳ ನಡುವೆ ನಡೆಯುತ್ತ ರ‍್ಯಾಂಡ್ ತನ್ನ ಪೂರ್ವಜರ ಬದುಕನ್ನು ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಸರಿಯುತ್ತ ನೋಡುತ್ತಾನೆ. ಜಗತ್ತೇ ಹೆದರುವ ಐಯೀಲ್ ಯೋಧರ ಮೂಲಪುರುಷರು ಆಯುಧವನ್ನೇ ಮುಟ್ಟದ ಅಹಿಂಸಾವ್ರತಿಗಳಾಗಿದ್ದರು ಎಂಬ ಸತ್ಯ ಆ ಹಿಮ್ಮುಖ ನಡಿಗೆಯಲ್ಲಿ ಒಂದೊಂದೇ ಪದರವಾಗಿ ತೆರೆದುಕೊಳ್ಳುತ್ತದೆ. ಪ್ರತಿ ದೃಶ್ಯವೂ ಅದಕ್ಕಿಂತ ಮೊದಲು ಓದಿದ ದೃಶ್ಯದ ಅರ್ಥವನ್ನು ಬದಲಿಸುತ್ತದೆ. ಕಾಲವನ್ನು ಹಿಂದುಮುಂದಾಗಿಸಿ ಕಥೆ ಹೇಳುವ ಕಲೆಯಲ್ಲಿ ಜೋರ್ಡನ್ ಪಳಗಿದವರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹತ್ತನೆಯ ಸಂಪುಟ ಎಡವಿದ್ದು ಸರಿಯಾಗಿ ಇದೇ ಕಲೆಯಲ್ಲಿ.

2000ದಲ್ಲಿ ಬಂದ ಒಂಬತ್ತನೆಯ ಸಂಪುಟ ‘ವಿಂಟರ್ಸ್ ಹಾರ್ಟ್’ ಮುಗಿಯುವುದು ಇಡೀ ಸರಣಿಯ ಅತಿ ದೊಡ್ಡ ಘಟನೆಗಳಲ್ಲಿ ಒಂದರಿಂದ. ಮಾಂತ್ರಿಕ ಶಕ್ತಿಯ ಪುರುಷಾಂಶಕ್ಕೆ ಮೂರು ಸಾವಿರ ವರ್ಷಗಳಿಗೂ ಹಿಂದೆ ವಿಷ ಅಂಟಿದೆ. ಅದನ್ನು ಬಳಸುವ ಗಂಡಸರಿಗೆಲ್ಲ ಹುಚ್ಚು ಹಿಡಿಯುತ್ತದೆ. ರ‍್ಯಾಂಡ್ ಮತ್ತು ಮಾಂತ್ರಿಕೆ ನೈನೀವ್ ಸೇರಿ, ಶಡಾರ್ ಲೋಗೋತ್ ಎಂಬ ಪಾಳುನಗರದ ಬಳಿ, ಆ ವಿಷವನ್ನು ತೊಳೆದು ಹಾಕುತ್ತಾರೆ. ಅದಕ್ಕೆ ಬೇಕಾದ ಶಕ್ತಿ ಎಷ್ಟೆಂದರೆ, ನೂರಾರು ಮೈಲಿ ದೂರದಲ್ಲಿ ಆ ಶಕ್ತಿಯ ಸ್ಪರ್ಶ ಬಲ್ಲ ಯಾರೇ ಇದ್ದರೂ ಅವರಿಗೆ ಅದು ದೀಪಸ್ತಂಭದಂತೆ ತಿಳಿಯುತ್ತದೆ. ಇದಾದ ಮೇಲೆ ಲೋಕ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಯನ್ನಿಟ್ಟುಕೊಂಡು ನಾವು ಎರಡು ವರ್ಷಕ್ಕೂ ಹೆಚ್ಚು ಕಾದೆವು. ಹತ್ತನೆಯ ಸಂಪುಟ ಬಂದಾಗ ಅದು ಮುಂದಕ್ಕೆ ಹೋಗಲಿಲ್ಲ. ಅದೇ ದಿನಗಳಿಗೆ ಹಿಂದಿರುಗಿ, ಆ ಹೊತ್ತಿನಲ್ಲಿ ಪೆರಿನ್ ಎಲ್ಲಿದ್ದ, ಅವನ ಗೆಳೆಯ ಮ್ಯಾಟ್ ಏನು ಮಾಡುತ್ತಿದ್ದ, ಅವರ ಗೆಳತಿಯರಾದ ಎಲೇನ್ ಮತ್ತು ಎಗ್ವೀನ್ ಯಾವ ಚಿಂತೆಯಲ್ಲಿದ್ದರು ಎಂದು ಒಬ್ಬೊಬ್ಬರನ್ನಾಗಿ ತೋರಿಸುತ್ತ ಹೋಯಿತು. ಪ್ರತಿಯೊಂದು ಎಳೆಯಲ್ಲೂ ಯಾರೋ ದೂರದಲ್ಲಿ ಆ ಪ್ರಚಂಡ ಶಕ್ತಿಯ ಸುಳಿವು ಹಿಡಿಯುತ್ತಾರೆ, ಬೆಚ್ಚುತ್ತಾರೆ, ಏನಿರಬಹುದೆಂದು ಊಹಿಸುತ್ತಾರೆ. ಅದನ್ನು ಮಾಡಿದ ರ‍್ಯಾಂಡ್ ಮಾತ್ರ ಆರುನೂರಕ್ಕೂ ಹೆಚ್ಚು ಪುಟಗಳ ಪುಸ್ತಕದಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಂಡು ಮರೆಯಾಗುತ್ತಾನೆ.

“ಏನೂ ನಡೆಯುವುದಿಲ್ಲ” ಎಂಬುದು ಈ ಪುಸ್ತಕದ ಮೇಲಿನ ಸಾಮಾನ್ಯ ದೂರು. ಆ ದೂರು ನಿಖರವಾದುದಲ್ಲ, ಹಾಗೆ ಹೇಳಿ ಬಿಟ್ಟರೆ ನಿಜವಾದ ದೋಷ ಕೈತಪ್ಪಿಹೋಗುತ್ತದೆ. ನಡೆಯುವುದು ಬೇಕಾದಷ್ಟಿದೆ. ಪೆರಿನ್‌ನ ಹೆಂಡತಿ ಫಯೀಲ್‌ಳನ್ನು ಷೈಡೋ ಕುಲದವರು ಹೊತ್ತೊಯ್ದಿದ್ದಾರೆ. ಅವಳನ್ನು ಹುಡುಕುತ್ತ ಹೊರಟ ಪೆರಿನ್ ತನ್ನ ಸೈನ್ಯಕ್ಕೆ ಧಾನ್ಯ ಕೊಳ್ಳಲು ಸೋ ಹಾಬರ್ ಎಂಬ ಊರಿಗೆ ಹೋಗುತ್ತಾನೆ. ಅಲ್ಲಿನ ಜನ ಮಾಸಿದ ಬಟ್ಟೆಯಲ್ಲಿ, ತೊಳೆಯದ ಮೈಯಲ್ಲಿ, ಕಣ್ಣೆತ್ತಿ ನೋಡದೆ ಓಡಾಡುತ್ತಾರೆ. ಧಾನ್ಯಕ್ಕೆಲ್ಲ ಹುಳು ಹಿಡಿದಿದೆ. ಊರಿನಲ್ಲಿ ಸತ್ತವರು ನಡೆದಾಡುತ್ತಿದ್ದಾರೆ. ಹುಳು ಹಿಡಿದ ಕಾಳನ್ನೇ ತೂರಿ, ಕೇರಿ, ಚೀಲಕ್ಕೆ ತುಂಬಿಕೊಂಡು ಅವರು ಮುಂದೆ ಹೋಗಬೇಕು, ಬೇರೆ ದಾರಿಯಿಲ್ಲ. ಲೋಕದ ಹೆಣಿಗೆಯೇ ಸಡಿಲವಾಗುತ್ತಿದೆ ಎಂಬುದನ್ನು ರಾಕ್ಷಸರಿಲ್ಲದೆ, ಯುದ್ಧವಿಲ್ಲದೆ, ಕೊಳೆತ ಕಾಳಿನಿಂದ ತೋರಿಸಿದ ಈ ಭಾಗಕ್ಕೆ ಸರಿಸಾಟಿಯಾದ ಪುಟಗಳು ವೀರಕಥೆಗಳಲ್ಲಿ ಕಡಿಮೆ. ಆಮೇಲೆ ಅದೇ ಪೆರಿನ್, ಸೆರೆಸಿಕ್ಕ ಷೈಡೋ ಒಬ್ಬನ ಬಾಯಿ ಬಿಡಿಸಲು ಕೊಡಲಿಯಿಂದ ಅವನ ಕೈ ಕಡಿಯುತ್ತಾನೆ; ತಾನು ಮಾಡಿದ್ದಕ್ಕೆ ತಾನೇ ಹೇಸಿ ಆ ಕೊಡಲಿಯನ್ನು ಮರಕ್ಕೆ ಕಚ್ಚಿಸಿ ಬಿಟ್ಟು ನಡೆಯುತ್ತಾನೆ. ಕೊನೆಯಲ್ಲಿ ಎಗ್ವೀನ್, ತನ್ನ ಸೈನ್ಯ ಮುತ್ತಿದ್ದ ಟಾರ್ ವಾಲನ್ ನಗರದ ಬಂದರಿನ ಸರಪಳಿಯನ್ನು ಒಡೆಯಲಾಗದ ವಸ್ತುವಾಗಿ ಮಾರ್ಪಡಿಸುವ ಅಪಾಯದ ಕೆಲಸವನ್ನು ಬೇರೆಯವರಿಗೆ ಒಪ್ಪಿಸದೆ ತಾನೇ ಕೈಗೆತ್ತಿಕೊಂಡು ಸೆರೆಯಾಗುತ್ತಾಳೆ. ಇವನ್ನೆಲ್ಲ ಬರೆದ ಲೇಖಕರು ಸೋತಿದ್ದರು, ಸೊರಗಿದ್ದರು ಎಂದು ಹೇಗೆ ಹೇಳುವುದು?

ದೋಷವಿರುವುದು ತಿಳಿವಳಿಕೆಯ ಹಂಚಿಕೆಯಲ್ಲಿ. ಕಥೆಯೊಂದು ಒಂದೇ ಕಾಲವನ್ನು ಎರಡು ಸಲ ಹೇಳಬಹುದು. ಟೋಲ್ಕಿನ್ ‘ದಿ ಟೂ ಟವರ್ಸ್’ನಲ್ಲಿ ಅದನ್ನೇ ಮಾಡಿದ್ದಾರೆ. ಮೊದಲರ್ಧ ರೋಹನ್ ರಾಜ್ಯದ ಯುದ್ಧ, ಎರಡನೆಯ ಅರ್ಧದಲ್ಲಿ ಕಥೆ ಹಿಂದಕ್ಕೆ ಬಂದು ಫ್ರೋಡೊ ಮತ್ತು ಸ್ಯಾಮ್ ಅವರ ನಡಿಗೆ. ಮೊದಲರ್ಧ ಓದುವಾಗ ಫ್ರೋಡೊ ಬದುಕಿದ್ದಾನೋ ಇಲ್ಲವೋ ಎಂಬುದು ಅರಗಾರ್ನ್‌ಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಸಮಾನ ಕತ್ತಲೆಯೇ ಅಲ್ಲಿನ ಉಸಿರು. ಓದುಗರಿಗೆ ಗೊತ್ತಿದ್ದು ಪಾತ್ರಗಳಿಗೆ ಗೊತ್ತಿಲ್ಲದ ಕಥೆಯೂ ಚೆನ್ನಾಗಿಯೇ ನಡೆಯುತ್ತದೆ, ಕನ್ನಡಿಗರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ವಿರಾಟಪರ್ವದಲ್ಲಿ ಬೃಹನ್ನಳೆ ಯಾರೆಂದು ನಮಗೆ ಮೊದಲಿನಿಂದ ಗೊತ್ತು, ಉತ್ತರಕುಮಾರನಿಗೆ ಗೊತ್ತಿಲ್ಲ. ಕುಮಾರವ್ಯಾಸ ಆ ಅಂತರದಿಂದ ನಗು ಉಕ್ಕಿಸುತ್ತಾನೆ, ಆಮೇಲೆ ಅದನ್ನು ಒಡೆಯುತ್ತಾನೆ. ಹೆದರಿ ಓಡಿದ ಹುಡುಗನಿಗೆ ತನ್ನ ರಥದಲ್ಲಿರುವವನು ಅರ್ಜುನ ಎಂದು ತಿಳಿಯುವ ಕ್ಷಣ ಬಂದೇ ಬರುತ್ತದೆ. ನಗು ಅಲ್ಲಿ ವಿಸ್ಮಯವಾಗಿ ತಿರುಗುತ್ತದೆ. ಭೀಷ್ಮಪರ್ವದ ಸಂಜಯನಂತೂ ಮೊದಲು ಭೀಷ್ಮ ಬಿದ್ದ ಸುದ್ದಿಯನ್ನು ಹೇಳಿ, ಆಮೇಲೆ ಹತ್ತು ದಿನಗಳ ಯುದ್ಧವನ್ನು ವಿವರಿಸುತ್ತಾನೆ. ಫಲ ಮೊದಲೇ ಗೊತ್ತಿರುವುದು ಕಥೆಗೆ ಅಡ್ಡಿಯಲ್ಲ, ಏಕೆಂದರೆ ಕೇಳುತ್ತ ಕುಳಿತ ಧೃತರಾಷ್ಟ್ರನ ಎದೆಯಲ್ಲಿ ಪ್ರತಿ ದಿನದ ಕಥೆಯೂ ಹೊಸ ಗಾಯ ಮಾಡುತ್ತದೆ. ‘ಕ್ರಾಸ್‌ರೋಡ್ಸ್’ನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಆ ಶಕ್ತಿ ಯಾವುದು, ಯಾರು ಮಾಡಿದ್ದು, ಫಲವೇನು ಎಂಬುದೆಲ್ಲ ನಮಗೆ ಗೊತ್ತು. ಪಾತ್ರಗಳು ತಪ್ಪು ಊಹೆ ಮಾಡುತ್ತವೆ, ಆ ತಪ್ಪು ಊಹೆ ಒಡೆಯುವುದಿಲ್ಲ. ಒಂದು ಅಪವಾದವನ್ನು ಒಪ್ಪಬೇಕು: ಆ ಭಯದಿಂದ ಎಗ್ವೀನ್ ಕಡೆಯ, ಐಸ್ ಸೆಡೈ ಎಂಬ ಮಾಂತ್ರಿಕ ಸ್ತ್ರೀಯರ ಸಭೆ, ತಾವು ಸದಾ ಶಂಕಿಸುತ್ತಿದ್ದ ಪುರುಷ ಮಾಂತ್ರಿಕರ ಜೊತೆ ಕೈಜೋಡಿಸುವ ಮಾತಿಗೆ ಬರುತ್ತದೆ. ಅಲ್ಲಿ ಕಥೆ ಒಮ್ಮೆ ಮೈಮುರಿದೇಳುತ್ತದೆ. ಮಿಕ್ಕ ಕಡೆ ಭಯ ಬರುತ್ತದೆ, ಹೋಗುತ್ತದೆ, ಯಾರ ದಾರಿಯನ್ನೂ ತಿರುಗಿಸುವುದಿಲ್ಲ.

ಹಾಗಾದರೆ ಮಹಾಭಾರತದಲ್ಲೂ ಕಥೆ ನಿಂತು ನಿಂತು ಹೋಗುವುದಿಲ್ಲವೇ ಎಂದು ಕೇಳಬಹುದು. ಕಾಲವೊಂದು ಚಕ್ರ, ಯುಗಗಳು ಮರಳಿ ಮರಳಿ ಬರುತ್ತವೆ ಎಂಬ ಕಲ್ಪನೆಯ ಮೇಲೆ ಕಟ್ಟಿದ ಸರಣಿಯಾದ್ದರಿಂದ ಈ ಹೋಲಿಕೆ ದೂರದ್ದೇನಲ್ಲ. ನಮ್ಮ ಯುಗಚಕ್ರದ ನೆರಳು ಆ ಲೋಕದ ಮೇಲೆ ಬಿದ್ದಿದೆ. ಉಪಾಖ್ಯಾನಗಳಿಗೆ ಒಗ್ಗಿದ ನಾವು ಪಾಶ್ಚಾತ್ಯ ಓದುಗರಿಗಿಂತ ಹೆಚ್ಚು ತಾಳ್ಮೆ ತೋರಿಸಬೇಕಲ್ಲವೇ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ವನಪರ್ವದ ನಳೋಪಾಖ್ಯಾನವನ್ನು ನೋಡಿ. ತನಗಿಂತ ನತದೃಷ್ಟನಿಲ್ಲವೆಂದು ಕೊರಗುತ್ತಿದ್ದ ಧರ್ಮರಾಯನಿಗೆ ಬೃಹದಶ್ವ ಋಷಿ ಆ ಕಥೆ ಹೇಳುತ್ತಾನೆ. ಪಗಡೆಯಲ್ಲಿ ರಾಜ್ಯ ಸೋತ ಮತ್ತೊಬ್ಬ ರಾಜನ ಕಥೆ ಅದು. ಕೇಳಿ ಮುಗಿಸುವ ಹೊತ್ತಿಗೆ ಧರ್ಮರಾಯನಿಗೆ ಪಗಡೆಯ ಮರ್ಮವೂ ದಕ್ಕುತ್ತದೆ. ಮುಂದೆ ಅವನು ವಿರಾಟನ ಆಸ್ಥಾನ ಸೇರುವುದು ಪಗಡೆ ಬಲ್ಲ ಕಂಕನಾಗಿ. ಪಕ್ಕಕ್ಕೆ ಹೊರಳಿದಂತೆ ಕಂಡ ಕಥೆ ಮುಖ್ಯ ಕಥೆಯ ಕೈಗೆ ಏನನ್ನೋ ಕೊಟ್ಟು ಹೋಯಿತು. ನಿಧಾನಕ್ಕೂ ನಿಲುಗಡೆಗೂ ಇರುವ ಅಂತರವನ್ನು ಮಹಾಭಾರತವೇ ನಮಗೆ ಕಲಿಸಿದೆ. ಕೇಮ್ಲಿನ್‌ನ ಅರಮನೆಯಲ್ಲಿ ಸಿಂಹಾಸನಕ್ಕಾಗಿ ಹೆಣಗುತ್ತಿರುವ ಎಲೇನ್‌ಳ ಸ್ನಾನ, ಅವಳ ಉಡುಗೆ, ಅವಳನ್ನು ಬೆಂಬಲಿಸುವ ಮತ್ತು ಬೆಂಬಲಿಸದ ಮನೆತನಗಳ ಲೆಕ್ಕ, ಇವು ಅಧ್ಯಾಯದಿಂದ ಅಧ್ಯಾಯಕ್ಕೆ ಸಾಗಿದರೂ ಆರಂಭದಲ್ಲಿ ಇದ್ದ ಮುತ್ತಿಗೆ ಕೊನೆಯಲ್ಲೂ ಹಾಗೆಯೇ ಇರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚು ಬಲವಿದೆ. ಹದಿನಾಲ್ಕು ಸಂಪುಟಗಳೂ ಈಗ ಕೈಗೆ ಸಿಗುತ್ತವೆ. ಇಂದಿನ ಓದುಗರು ಒಂಬತ್ತನ್ನು ಮುಗಿಸಿದ ಮರುದಿನವೇ ಹತ್ತಕ್ಕೆ ಕೈಹಾಕುತ್ತಾರೆ, ಅದರ ಮರುವಾರ ಹನ್ನೊಂದಕ್ಕೆ. ಅವರಿಗೆ ಈ ಪುಸ್ತಕ ಅಷ್ಟು ಭಾರವೆನಿಸುವುದಿಲ್ಲ. ಹಾಗಾದರೆ ನಮ್ಮ ನಿರಾಶೆ ಕಾದು ಕಾದು ಹುಟ್ಟಿದ್ದೇ ಹೊರತು ಪುಸ್ತಕದ ದೋಷವಲ್ಲ ಎಂಬುದು ಆ ವಾದ. ಕಾಯುವಿಕೆಯ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಫಯೀಲ್ ಸೆರೆಯಾದದ್ದು 1998ರ ಸಂಪುಟದಲ್ಲಿ, ಬಿಡುಗಡೆಯಾದದ್ದು 2005ರ ಸಂಪುಟದಲ್ಲಿ. ಕಥೆಯೊಳಗಿನ ಅಲ್ಪಕಾಲದ ಸೆರೆ ನಮಗೆ ಏಳು ವರ್ಷದ್ದಾಗಿತ್ತು. ಆದರೆ ಭಾರ ಕಡಿಮೆಯಾಗುವುದು ಬೇರೆ, ಪುಸ್ತಕಕ್ಕೆ ತನ್ನದೇ ಆಕಾರ ಬರುವುದು ಬೇರೆ. ಸಾಲಾಗಿ ಓದುವವರಿಗೂ ಹತ್ತನೆಯ ಸಂಪುಟ ದಾಟಿಹೋಗುವ ಸೇತುವೆ ಮಾತ್ರ. ನೆನಪಿನಲ್ಲಿ ಅದರ ಹೆಸರಿಗೆ ಅಂಟಿಕೊಳ್ಳುವ ಘಟ್ಟ ಯಾವುದು? ಆರನೆಯದರ ಹೆಸರೆತ್ತಿದರೆ ಡುಮೈಸ್ ವೆಲ್ಸ್ ಯುದ್ಧ, ನಾಲ್ಕನೆಯದರ ಹೆಸರೆತ್ತಿದರೆ ರುಯಿಡಿಯನ್ ಕಣ್ಣಮುಂದೆ ಬರುತ್ತದೆ. ಹೋಲಿಕೆಗೆ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 2005ರ ‘ಎ ಫೀಸ್ಟ್ ಫಾರ್ ಕ್ರೋಸ್’ ಇದೆ. ಅವರು ಅರ್ಧ ಪಾತ್ರಗಳನ್ನು ಮುಂದಿನ ಸಂಪುಟಕ್ಕೆ ಎತ್ತಿಟ್ಟು, ಅದೇ ಕಾಲದ ಉಳಿದರ್ಧವನ್ನು 2011ರಲ್ಲಿ ಕೊಟ್ಟರು. ಅಲ್ಲಿಯೂ ಓದುಗರು ಗೊಣಗಿದರು, ಮೆಚ್ಚಿನ ಪಾತ್ರಗಳು ಕಾಣಲಿಲ್ಲವೆಂದು ಬೇಸರಪಟ್ಟರು. ಆದರೂ ಆ ಪುಸ್ತಕಕ್ಕೆ ತನ್ನದೇ ಬೆನ್ನೆಲುಬಿದೆ, ಏಕೆಂದರೆ ರಾಣಿ ಸರ್ಸಿ ಅಲ್ಲಿ ತೀರ್ಮಾನದ ಮೇಲೆ ತೀರ್ಮಾನ ಮಾಡುತ್ತ ತನ್ನ ಬಲೆಯನ್ನು ತಾನೇ ನೇಯ್ದುಕೊಂಡು ಅದರೊಳಗೆ ಬೀಳುತ್ತಾಳೆ. ಕಾಲ ಹಿಂದಕ್ಕೆ ಸರಿದರೂ ವ್ಯಕ್ತಿಯ ಪಾಡು ಮುಂದಕ್ಕೆ ಹೋಗುತ್ತದೆ.

ಪ್ರಕಾಶಕರಿಗೆ ಹಣದಾಸೆ, ಅದಕ್ಕೇ ಕಥೆಯನ್ನು ಎಳೆದರು ಎಂಬ ಮಾತನ್ನು ಹೆಚ್ಚು ಹೊತ್ತು ಪರಿಶೀಲಿಸಬೇಕಾಗಿಲ್ಲ. ಪುಟಕ್ಕೆ ಪುಟ ಈ ಮಟ್ಟದ ಶ್ರದ್ಧೆಯಿಂದ ಬರೆದದ್ದು ತುಂಬಿಸಲು ಬರೆದದ್ದಾಗಿರುವುದಿಲ್ಲ. ಕಾಯಿಲೆಯನ್ನು ಕಾರಣ ಮಾಡುವುದೂ ನ್ಯಾಯವಲ್ಲ. ಹೃದಯವನ್ನು ಬಾಧಿಸುವ ಅಮಿಲಾಯ್ಡೋಸಿಸ್ ತಮಗಿದೆಯೆಂದು ಜೋರ್ಡನ್ ತಿಳಿಸಿದ್ದು 2006ರಲ್ಲಿ, ಈ ಪುಸ್ತಕ ಬಂದು ಮೂರು ವರ್ಷವಾದ ಮೇಲೆ. ಎಲ್ಲಕ್ಕಿಂತ ದೊಡ್ಡ ಉತ್ತರ 2005ರಲ್ಲಿ ಬಂದ ಹನ್ನೊಂದನೆಯ ಸಂಪುಟ ‘ನೈಫ್ ಆಫ್ ಡ್ರೀಮ್ಸ್’. ಅವೇ ಪಾತ್ರಗಳು, ಹತ್ತನೆಯದರಲ್ಲಿ ನಿಂತಿದ್ದ ಅವೇ ಎಳೆಗಳು. ಪೆರಿನ್ ಶತ್ರುಗಳಾದ ಶಾನ್‌ಚಾನ್ ಜೊತೆಗೇ ಒಪ್ಪಂದ ಮಾಡಿಕೊಂಡು ಹೆಂಡತಿಯನ್ನು ಬಿಡಿಸುತ್ತಾನೆ. ಕೇಮ್ಲಿನ್ ಮುತ್ತಿಗೆ ಮುಗಿಯುತ್ತದೆ. ಶಾನ್‌ಚಾನ್ ರಾಜಕುಮಾರಿ ಟುವಾನ್ ಮತ್ತು ಮ್ಯಾಟ್ ನಡುವಿನ ಆಟ ಮದುವೆಗೆ ತಲುಪುತ್ತದೆ. ಸೆರೆಯಾದ ಎಗ್ವೀನ್, ಏಟು ತಿನ್ನುತ್ತಲೇ ಟಾರ್ ವಾಲನ್‌ನಲ್ಲಿರುವ ಶತ್ರುಗಳ ಗೋಪುರವನ್ನು ಒಳಗಿನಿಂದ ಅಲುಗಾಡಿಸುತ್ತಾಳೆ. ಶಕ್ತಿ ಬತ್ತಿದ ಲೇಖಕರು ಎರಡೂವರೆ ವರ್ಷಗಳಲ್ಲಿ ಇದನ್ನು ಬರೆಯಲಾರರು. ಹೀಗಾಗಿ ದೋಷ ಹತ್ತನೆಯ ಸಂಪುಟಕ್ಕೆ ಆರಿಸಿಕೊಂಡ ಕಟ್ಟಡದಲ್ಲಿತ್ತು ಎಂಬ ತೀರ್ಮಾನಕ್ಕೆ ಬರದೆ ವಿಧಿಯಿಲ್ಲ.

ಆ ಕಟ್ಟಡವನ್ನು ಏಕೆ ಆರಿಸಿದರು? ಇಲ್ಲಿ ನಾನು ಊಹೆ ಮಾಡುತ್ತಿದ್ದೇನೆ, ಆದರೆ ಅವರ ಪುಸ್ತಕಗಳಿಂದಲೇ ಹುಟ್ಟಿದ ಊಹೆ. ದೊಡ್ಡ ಘಟನೆಯೊಂದು ನಡೆದಾಗ ಲೋಕದ ಬಹುಪಾಲು ಜನ ಅದನ್ನು ದೂರದಿಂದ, ಅರ್ಥವಾಗದೆ, ತಮ್ಮ ಕೆಲಸದ ನಡುವೆ ಅನುಭವಿಸುತ್ತಾರೆ ಎಂಬ ಸತ್ಯಕ್ಕೆ ಜೋರ್ಡನ್ ಮೊದಲಿನಿಂದಲೂ ಬದ್ಧರು. ಕಥೆಯ ಕೇಂದ್ರದಲ್ಲಿ ಆ ಸತ್ಯ ಒಂದು ಒರೆಗಲ್ಲಾಗಿ ಕೆಲಸ ಮಾಡಿತ್ತು: ತಿಳಿಯದೆ ನಿರ್ಧರಿಸಬೇಕಾದ ಮನುಷ್ಯ, ಆ ನಿರ್ಧಾರಕ್ಕೆ ತೆತ್ತ ಬೆಲೆ. ಹತ್ತನೆಯ ಸಂಪುಟದಲ್ಲಿ ಅವರು ಆ ಸತ್ಯಕ್ಕೇ ಒಂದು ಪೂರ್ತಿ ಪುಸ್ತಕ ಕೊಟ್ಟರು, ನಿರ್ಧಾರವನ್ನು ಮರೆತರು. ತಿಳಿಯದಿರುವುದು ಉಳಿಯಿತು, ಬೆಲೆ ಉಳಿಯಲಿಲ್ಲ. ವಾಸ್ತವಕ್ಕೆ ಇದು ಹತ್ತಿರ ಇರಬಹುದು. ಆದರೆ ವೀರಕಥೆ ನಮಗೆ ಬೇಕಾಗುವುದು, ಮನುಷ್ಯನೊಬ್ಬ ಮರಳಿ ಬರಲಾಗದ ಹೆಜ್ಜೆಯಿಡುವುದನ್ನು ನೋಡಲಿಕ್ಕೆ. ಪೆರಿನ್‌ನ ಕೊಡಲಿ, ಎಗ್ವೀನ್‌ಳ ಸರಪಳಿ ಈ ಪುಸ್ತಕದಲ್ಲೂ ನಮ್ಮನ್ನು ಹಿಡಿದು ನಿಲ್ಲಿಸುವುದು ಆ ಕಾರಣಕ್ಕೆ. ಅವರಿಬ್ಬರೂ ಅಲ್ಲಿ ಹೆಜ್ಜೆಯಿಟ್ಟರು. ಅಂಥ ಎರಡು ಮೂರು ಹೆಜ್ಜೆಗಳಿಗಾಗಿ ಇಷ್ಟು ಪುಟ ಕಾಯಿಸಿದ್ದನ್ನು ಅಭಿಮಾನದ ಹೆಸರಿನಲ್ಲಿ ಮುಚ್ಚಿಡಬಾರದು. ಮೆಚ್ಚಿನ ಲೇಖಕರ ದೋಷವನ್ನು ಬಾಯಿಬಿಟ್ಟು ಹೇಳದ ಅಭಿಮಾನ, ಅವರ ಗೆಲುವನ್ನೂ ಸರಿಯಾಗಿ ಅಳೆಯಲಾರದು.

2007ರ ಸೆಪ್ಟೆಂಬರ್ 16ರಂದು ಜೋರ್ಡನ್ ತೀರಿಕೊಂಡಾಗ ಅವರಿಗೆ ಐವತ್ತೆಂಟು ವರ್ಷ, ಸರಣಿ ಮುಗಿದಿರಲಿಲ್ಲ. ಹತ್ತು ಪರ್ವಗಳಿಗೆ ನಿಂತ ಕುಮಾರವ್ಯಾಸನ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ್ದನ್ನು ಬಲ್ಲ ನಮಗೆ ಮುಂದಿನದು ಹೊಸ ಸಂಗತಿಯಲ್ಲ. ಜೋರ್ಡನ್ ಅವರ ಪತ್ನಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಆ ಕೆಲಸವನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಅವರಿಗೆ ಒಪ್ಪಿಸಿದರು. ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳನ್ನು, ಅವರು ಬರೆದಿಟ್ಟಿದ್ದ ಕೊನೆಯ ದೃಶ್ಯವನ್ನು ಆಧರಿಸಿ 2009ರಿಂದ 2013ರವರೆಗೆ ಮೂರು ಸಂಪುಟಗಳು ಬಂದವು. 2021ರಲ್ಲಿ ಶುರುವಾದ ಟಿವಿ ಸರಣಿ ಮೂರು ಸೀಸನ್‌ಗಳಿಗೆ ನಿಂತಿತು, ಹತ್ತನೆಯ ಸಂಪುಟದ ಹತ್ತಿರಕ್ಕೂ ಬರಲಿಲ್ಲ. ಅದನ್ನು ನೋಡಿ ಪುಸ್ತಕಗಳ ಕಡೆ ತಿರುಗಿದ ಹೊಸ ಓದುಗರಿಗೆ ಹಳಬರು “ಹತ್ತನೆಯದನ್ನು ಬಿಟ್ಟು ಹನ್ನೊಂದಕ್ಕೆ ಹೋಗಿ” ಎಂದು ಹೇಳುವುದುಂಟು. ನಾನು ಹಾಗೆ ಹೇಳಲಾರೆ. ಕೇಮ್ಲಿನ್ ಅಧ್ಯಾಯಗಳನ್ನು ಬೇಕಾದರೆ ಬೇಗ ಬೇಗ ದಾಟಿ. ಸೋ ಹಾಬರ್ ಊರಿನ ಪುಟಗಳನ್ನು ಮಾತ್ರ ನಿಧಾನವಾಗಿ ಓದಿ.